ಹೊಗೆ ಕೊಳವೆಯೊಳಗಿನ ಬೆಂಕಿ

ಮಲೆನಾಡಿನ ಮನೆಗಳಲ್ಲಿ ಬಚ್ಚಲ ಹಂಡೆಯ ಒಲೆ ಮಳೆಗಾಲವಿಡೀ ಉರಿಯುತ್ತಲೇ ಇರುತ್ತದೆ. ಭಾರತೀಯ ವಿಜ್ಞಾನ ಸಂಸ್ಥೆಯ 'ಅಸ್ತ್ರ' ಕೇಂದ್ರ ರೂಪಿಸಿದ ಮೂರು ಪಾತ್ರೆಗಳ ಅಸ್ತ್ರ ಒಲೆಯೂ ಅನೇಕ ಮನೆಗಳನ್ನು ಸೇರಿತು. ಇಂಥ ಒಲೆಗಳ ಹೊಗೆಯನ್ನು ಚಿಮಣಿ ಹೊರಗೆ ಸಾಗಿಸುತ್ತದೆ. ಆದರೆ ಹೊಗೆಯೆಲ್ಲವೂ ಹೊರಗೆ ಹೋಗುವುದೆ? ಇಲ್ಲ. ಒಂದಿಷ್ಟು ಭಾಗ ಕೊಳವೆಯೊಳಗೇ ಉಳಿದು ಅಪಾಯಕ್ಕೆ ಎಡೆಮಾಡಿಕೊಡುತ್ತದೆ.

ಮಸಿ ಕಟ್ಟುವುದು ಹೇಗೆ?

ಸೌದೆ ಕಾದಾಗ ಅದರಿಂದ ದಹನಶೀಲ ಅನಿಲಗಳು ಹೊರಬರುತ್ತವೆ. ಸಾಕಷ್ಟು ಗಾಳಿ ಮತ್ತು ಶಾಖ ದೊರೆತರೆ ಅವು ಒಲೆಯಲ್ಲೇ ಉರಿದುಹೋಗುತ್ತವೆ. ಸೌದೆ ಹಸಿಯಾಗಿದ್ದರೆ ಶಾಖದ ಒಂದು ಭಾಗ ನೀರನ್ನು ಆವಿಯಾಗಿಸಲು ವ್ಯಯವಾಗುತ್ತದೆ. ಆಗ ಪೂರ್ತಿ ಉರಿಯದ ಅನಿಲಗಳು ನೀರಾವಿಯೊಡನೆ ಮೇಲೇರಿ, ಕೊಳವೆಯ ತಣ್ಣನೆಯ ಗೋಡೆಗೆ ತಗುಲಿ ಸಾಂದ್ರೀಕರಿಸುತ್ತವೆ. ಇದೇ ಕ್ರಿಯೋಸೋಟ್. ಮೊದಲು ಮಸಿಯಂತೆ, ಅನಂತರ ಹಕ್ಕಳೆಯಂತೆ, ಕೊನೆಗೆ ಹೊಳೆಯುವ ಟಾರಿನಂತೆ ಇದು ಗಟ್ಟಿಯಾಗುತ್ತದೆ.

'ಸಣ್ಣ ಉರಿಯಾದರೆ ಭಯವಿಲ್ಲ' ಎಂದು ನೀವು ಭಾವಿಸಬಹುದು. ವಾಸ್ತವ ಬೇರೆ. ರಾತ್ರಿಯಿಡೀ ಹೊಗೆಯಾಡುವ ಒಲೆಯೇ ಹೆಚ್ಚು ಕ್ರಿಯೋಸೋಟ್ ಕಟ್ಟಿಸುತ್ತದೆ. ಮುಂದೊಂದು ದಿನ ಒಣಗಿದ ತೆಂಗಿನ ಗರಿಯನ್ನೋ ಅಡಿಕೆ ಸೋಗೆಯನ್ನೋ ಒಟ್ಟಿಗೆ ತುರುಕಿದಾಗ ಎದ್ದ ಜ್ವಾಲೆ ಕೊಳವೆಗೆ ನುಗ್ಗಿದರೆ ಆ ಪದರ ಹೊತ್ತಿಕೊಳ್ಳುತ್ತದೆ. ಬಿಸಿಗಾಳಿ ಮೇಲೇರಿದಂತೆ ಕೆಳಗಿನಿಂದ ಹೊಸ ಗಾಳಿ ನುಗ್ಗಿ ಉರಿ ಬಲಗೊಳ್ಳುತ್ತದೆ. ಒಳಗಿನ ಉಷ್ಣತೆ 1000 ಡಿಗ್ರಿ ಸೆಲ್ಸಿಯಸ್ ಮೀರಬಹುದು. ಕೊಳವೆ ಬಿರಿದರೆ ಬೆಂಕಿ ಪಕಾಸಿ, ರೀಪುಗಳಿಗೆ, ಅಟ್ಟದ ಹುಲ್ಲು, ಅಡಿಕೆ ಚೀಲಗಳಿಗೆ ಹರಡುತ್ತದೆ.

ನೀವು ಮಾಡಬೇಕಾದುದು

* ಸೌದೆಯನ್ನು ಸೀಳಿ, ಮಳೆ ತಾಗದಂತೆ ಗಾಳಿಯಾಡುವ ಕಡೆ ತಿಂಗಳುಗಟ್ಟಲೆ ಒಣಗಿಸಿ. ತೇವಾಂಶ ಶೇಕಡಾ 20ಕ್ಕಿಂತ ಕಡಿಮೆಯಿರಲಿ. ಒಣ ಸೌದೆಯ ತುದಿಗಳಲ್ಲಿ ಬಿರುಕು ಕಾಣುತ್ತದೆ. ಒಂದಕ್ಕೊಂದು ಬಡಿದರೆ ಟಣ್ ಎನ್ನುತ್ತದೆ.
* ವರ್ಷಕ್ಕೊಮ್ಮೆಯಾದರೂ ಒಲೆ ಪೂರ್ತಿ ಆರಿದ ಮೇಲೆ ಕೊಳವೆಯನ್ನು ಪರೀಕ್ಷಿಸಿ. ಪದರ 3 ಮಿಲಿಮೀಟರ್ ದಪ್ಪವಾಗಿದ್ದರೆ ತಡಮಾಡದೆ ಶುಚಿಗೊಳಿಸಿ. ಕಲ್ನಾರಿನ ಕೊಳವೆಯನ್ನು ತಂತಿ ಬ್ರಷ್ಷಿನಿಂದ ಕೆರೆಯಬಾರದು. ಅದರ ಎಳೆಗಳು ಶ್ವಾಸಕೋಶಕ್ಕೆ ಅಪಾಯಕಾರಿ. ಅಂಥ ಕೊಳವೆಯನ್ನು ಬದಲಾಯಿಸುವುದೇ ಲೇಸು.
* ಮರ, ಸೋಗೆ, ಹುಲ್ಲು ಕೊಳವೆಗೆ ತಾಗಿಕೊಂಡಿರಬಾರದು.
* ಪ್ಲಾಸ್ಟಿಕ್, ಕಾಗದದ ರಾಶಿಯನ್ನು ಒಲೆಗೆ ಹಾಕಬೇಡಿ.
* ಬೂದಿಯನ್ನು ಲೋಹದ ಡಬ್ಬಿಯಲ್ಲೇ ತೆಗೆದು ಮನೆಯ ಹೊರಗಿಡಿ. ಕೆಂಡ ದಿನಗಟ್ಟಲೆ ಒಳಗೇ ಜೀವಂತವಾಗಿರಬಲ್ಲದು.

ಹೊತ್ತಿಕೊಂಡರೆ?

ಕೊಳವೆಯಲ್ಲಿ ಬಿರುಗಾಳಿಯಂಥ ಭೋರ್ಗರೆತ, ಚಟಪಟ ಸದ್ದು, ತುದಿಯಲ್ಲಿ ಕಿಡಿ ಇವು ಲಕ್ಷಣಗಳು. ಮೊದಲು ಎಲ್ಲರನ್ನೂ ಹೊರಗೆ ಕಳಿಸಿ 101 ಅಥವಾ 112ಕ್ಕೆ ಕರೆಮಾಡಿ. ಅಪಾಯವಿಲ್ಲದಿದ್ದರೆ ಮಾತ್ರ ಒಲೆಯ ಬಾಯಿಗೆ ತಗಡು ಮುಚ್ಚಿ. ಗಾಳಿಯಿಲ್ಲದೆ ಉರಿ ತಗ್ಗುತ್ತದೆ. ಕಾದ ಕೊಳವೆಗೆ ನೀರು ಸುರಿಯಬೇಡಿ. ನೀರು ಥಟ್ಟನೆ ಆವಿಯಾಗಿ ಸಿಡಿಯುತ್ತದೆ, ಕೊಳವೆಯೂ ಬಿರಿಯುತ್ತದೆ. ಬೆಂಕಿ ತಾನಾಗಿ ಆರಿದಂತೆ ಕಂಡರೂ ಅಟ್ಟ, ಮಾಡುಗಳನ್ನು ಕೆಲವು ಗಂಟೆ ಗಮನಿಸುತ್ತಿರಿ. ಅನುಭವಿ ಗಾರೆಯವರಿಂದ ಕೊಳವೆಯನ್ನು ಪರೀಕ್ಷೆ ಮಾಡಿಸದೆ ಮತ್ತೆ ಒಲೆ ಹಚ್ಚಬೇಡಿ. ಬಿರುಕಿನಿಂದ ಒಳನುಸುಳುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಪ್ರಾಣ ತೆಗೆಯುವ ಶಕ್ತಿ ಮಾತ್ರ ಇದೆ.

ಮಳೆಗಾಲಕ್ಕೆ ಮುನ್ನ ಹೆಂಚು ಕೈಯಾಡಿಸುವ ದಿನವೇ ಹೊಗೆ ಕೊಳವೆಯನ್ನೂ ಶುಚಿಮಾಡಿಸುವ ರೂಢಿ ಇಟ್ಟುಕೊಳ್ಳಿ.