ಪಟ್ಟಿ ಬಿಚ್ಚಿದ ಮೇಲೆ ಕಲಿಯುವ ನೋಟ

ಹೊಸಪೇಟೆ-ಕೊಪ್ಪಳ ದಾರಿಯ ಹಿಟ್ನಾಳದಂಥ ಊರುಗಳಲ್ಲಿ ಕಣ್ಣಿನ ಆಪರೇಷನ್ ಅಂದರೆ ಇವತ್ತಿಗೂ ಪೊರೆ ತೆಗೆಸುವುದೇ. ಕಪ್ಪು ಕನ್ನಡಕ, ನಾಲ್ಕು ದಿನ ತಲೆಗೆ ನೀರಿಲ್ಲ, ಪಟ್ಟಿ ಬಿಚ್ಚಿದರೆ ಮೊಮ್ಮಕ್ಕಳ ಮುಖ. ಉತ್ತರ ಕರ್ನಾಟಕದಲ್ಲಿ ಈ ನಂಬಿಕೆ ಬೇರೂರಲು ಬೀಳಗಿಯ ಡಾ. ಎಂ.ಸಿ. ಮೋದಿ ದೊಡ್ಡ ಕಾರಣ. ಊರೂರಲ್ಲಿ ಶಿಬಿರ ಹಾಕಿದ ಅವರು ಒಂದೇ ದಿನ 833 ಪೊರೆ ತೆಗೆದು ಗಿನ್ನೆಸ್ ಪುಸ್ತಕ ಸೇರಿದರು. ಆ ಶಿಬಿರಗಳಲ್ಲಿ ‘ತೃಪ್ತಿ ಆಯಿತೇ’ ಎಂದು ಕೇಳುವ ಪ್ರಮೇಯವೇ ಇರಲಿಲ್ಲ. ಕಂಡರೆ ಕಂಡಿತು, ಅಷ್ಟೆ.

ಅಕ್ಷಿಪಟವೇ ಸೊರಗಿದವರಿಗೆ ಈ ಲೆಕ್ಕ ನಡೆಯುವುದಿಲ್ಲ. ರೆಟಿನೈಟಿಸ್ ಪಿಗ್ಮೆಂಟೋಸ ಎಂಬ ಅಕ್ಷಿಪಟದ ಕಾಯಿಲೆ ಇರುಳುಗಣ್ಣಿನಿಂದ ಶುರುವಾಗುತ್ತದೆ; ನೋಟ ಸುತ್ತಲಿಂದ ಕಿರಿದಾಗುತ್ತ ಕೆಲವರಿಗೆ ಪೂರ್ತಿ ಕತ್ತಲಾಗುತ್ತದೆ. ವಂಶವಾಹಿಯಲ್ಲಿ ಬರುವ ಕಾಯಿಲೆಯಾದ್ದರಿಂದ, ಸೋದರಮಾವನಿಗೋ ಅತ್ತೆಯ ಮಗನಿಗೋ ಹೆಣ್ಣು ಕೊಡುವ ಮನೆತನಗಳಲ್ಲಿ ಅಪಾಯ ಹೆಚ್ಚು. ಬೆಳಕು ಹಿಡಿಯುವ ಕೋಶಗಳು ಸತ್ತರೂ ಸುದ್ದಿಯನ್ನು ಮಿದುಳಿಗೆ ಒಯ್ಯುವ ನರಕೋಶಗಳು ಬಹಳಷ್ಟು ಉಳಿದಿರುತ್ತವೆ. ಅವಕ್ಕೆ ಸಣ್ಣಗೆ ಕರೆಂಟು ಮುಟ್ಟಿಸಿದರೆ ಬೆಳಕಿನ ಚುಕ್ಕಿ ಮೂಡುತ್ತದೆ. ಕೃತಕ ಅಕ್ಷಿಪಟ ಹುಟ್ಟಿದ್ದು ಇದರಿಂದಲೇ.

ಮಧುಮೇಹದಿಂದ ಕುರುಡಾದ ಅಜ್ಜಿಯನ್ನು ಕಂಡು ಈ ದಾರಿ ಹಿಡಿದವರು ಪಾಕಿಸ್ತಾನದಲ್ಲಿ ಹುಟ್ಟಿದ ಅಮೆರಿಕದ ವೈದ್ಯ ಮಾರ್ಕ್ ಹುಮಾಯುನ್. 2002ರಲ್ಲಿ 16 ಎಲೆಕ್ಟ್ರೋಡುಗಳ ಮೊದಲ ‘ಆರ್ಗಸ್’ ಕೃತಕ ಅಕ್ಷಿಪಟ ಮನುಷ್ಯರ ಕಣ್ಣು ಸೇರಿತು. 60 ಎಲೆಕ್ಟ್ರೋಡುಗಳ ಆರ್ಗಸ್-2ಕ್ಕೆ ಅಮೆರಿಕದ ಒಪ್ಪಿಗೆ ಸಿಕ್ಕಿದ್ದು 2013ರಲ್ಲಿ. ಕನ್ನಡಕದಲ್ಲಿ ಕ್ಯಾಮೆರಾ, ಸೊಂಟದಲ್ಲಿ ಸಂಸ್ಕಾರಕ, ಕಣ್ಣೊಳಗೆ ಚಿಪ್. ಬೆಲೆ ಸುಮಾರು ಒಂದೂವರೆ ಲಕ್ಷ ಡಾಲರ್ ಇತ್ತು.

ಇಷ್ಟಾಗಿಯೂ ಹಾಕಿಸಿಕೊಂಡವರಿಗೆ ಮುಖ ಕಾಣಲಿಲ್ಲ. ಬಾಗಿಲಿನ ಚೌಕಟ್ಟು, ಕಿಟಕಿಯ ಬೆಳಕು, ಎದುರು ಯಾರೋ ಹಾದುಹೋದ ಸುಳಿವು, ಅದೂ ಮಿಣುಕು ಚುಕ್ಕಿಗಳಲ್ಲಿ. ಕ್ಯಾಮೆರಾ ಕನ್ನಡಕಕ್ಕೆ ಅಂಟಿಕೊಂಡಿರುವುದರಿಂದ ಕಣ್ಣು ಹೊರಳಿಸಿ ಪ್ರಯೋಜನವಿಲ್ಲ, ತಲೆಯನ್ನೇ ಆಡಿಸಬೇಕು. ಚುಕ್ಕಿಗಳಿಗೆ ಅರ್ಥ ಹಚ್ಚಲು ತಿಂಗಳುಗಟ್ಟಲೆ ತಾಲೀಮು. ಅವರಿಗೆ ದಕ್ಕಿದ್ದು ಕಳೆದುಹೋದ ಹಳೆಯ ನೋಟವಲ್ಲ, ಹೊಸದಾಗಿ ಕಲಿಯಬೇಕಾದ ಬೇರೊಂದು ವಿದ್ಯೆ. ಹಾಗಾಗಿ ತೃಪ್ತಿಯನ್ನು ಅಕ್ಷರಗಳ ಚಾರ್ಟಿನಿಂದ ಅಳೆಯಲು ಬರುವುದಿಲ್ಲ. ಯಾಕೆ ಹಾಕಿಸಿಕೊಂಡಿರಿ ಎಂದು ಮೊದಲು ಕೇಳಬೇಕು. ಕೆಲವರಿಗೆ ಕೌತುಕ, ಕೆಲವರಿಗೆ ಮುಂದಿನವರಿಗಾದರೂ ಉಪಯೋಗವಾಗಲಿ ಎಂಬ ಆಸೆ, ಕೆಲವರಿಗೆ ಮಗನ ಮುಖದ ಹಂಬಲ. ನನ್ನ ಅಂದಾಜಿನಲ್ಲಿ ಮೂರನೆಯವರಿಗೇ ಪೆಟ್ಟು ಹೆಚ್ಚು. ಪೊರೆಯ ಆಪರೇಷನ್ನಿನ ಗುಂಗಿನಲ್ಲಿರುವ ನಮ್ಮವರು ಹೋದರೂ ಆ ಸಾಲಿನಲ್ಲೇ ನಿಲ್ಲುತ್ತಾರೆ.

ಬೇರೆ ಪೆಟ್ಟೂ ಕಾದಿತ್ತು. ನ್ಯೂಯಾರ್ಕಿನ ಮಹಿಳೆಯೊಬ್ಬರು 2013ರಲ್ಲಿ ಸುರಂಗ ರೈಲು ಬದಲಿಸುತ್ತಿದ್ದಾಗ ಕಣ್ಣಿನ ಆರ್ಗಸ್ ಬೀಪ್ ಅಂದು ನಿಂತೇಹೋಯಿತು. 2019ರಲ್ಲಿ ಸೆಕೆಂಡ್ ಸೈಟ್ ಕಂಪನಿ ಆರ್ಗಸ್ ತಯಾರಿಕೆಯನ್ನೇ ಕೈಬಿಟ್ಟಿತು. ಜಗತ್ತಿನ ಸುಮಾರು 350 ಜನರ ಕಣ್ಣಲ್ಲಿ ಬಿಡಿಭಾಗ ಸಿಗದ ಯಂತ್ರ ಉಳಿಯಿತು. ಟ್ರ್ಯಾಕ್ಟರಿನ ಸ್ಪೇರ್ ಪಾರ್ಟು ಸಿಗದಿದ್ದರೆ ಗಂಗಾವತಿಯಲ್ಲಿ ಹಳೆಯದೊಂದನ್ನು ಹುಡುಕಿ ತರಬಹುದು. ಇದಕ್ಕೆ ಅಂಥ ಪೇಟೆ ಎಲ್ಲಿ? ಅದೇ ವರ್ಷ ಜರ್ಮನಿಯ ರೆಟಿನಾ ಇಂಪ್ಲಾಂಟ್ ಕಂಪನಿಯೂ ಬಾಗಿಲು ಹಾಕಿತು.

ಇದಕ್ಕೂ ಮೊದಲೇ ಬೆಂಗಳೂರಿನ ಜಕ್ಕೂರಿನಲ್ಲಿ, ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ, ಕೆ.ಎಸ್. ನಾರಾಯಣ್ ಅವರ ತಂಡ ಬೇರೆ ಹಾದಿ ತುಳಿದಿತ್ತು. ಕ್ಯಾಮೆರಾ, ತಂತಿಗಳ ಬದಲು ಬೆಳಕು ಬಿದ್ದರೆ ತಾನೇ ವಿದ್ಯುತ್ ಸಂಕೇತ ಕೊಡುವ ಪಾಲಿಮರ್ ಪದರ. ಟೆಲ್ ಅವೀವ್ ವಿಶ್ವವಿದ್ಯಾಲಯದ ಜತೆ ಸೇರಿ, ಬೆಳಕಿಗೆ ಇನ್ನೂ ಸ್ಪಂದಿಸದ ಕೋಳಿಭ್ರೂಣದ ಅಕ್ಷಿಪಟವನ್ನು ಅದರ ಮೇಲಿಟ್ಟು ಬೆಳಕು ಬಿಟ್ಟಾಗ ನರಕೋಶಗಳು ಸ್ಪಂದಿಸಿದವು. 2014ರಲ್ಲಿ ಪ್ರಕಟವಾದ ಈ ಕೆಲಸ ಪ್ರಯೋಗಾಲಯದ್ದು, ಮನುಷ್ಯರ ಕಣ್ಣಿನದಲ್ಲ.

ಮನುಷ್ಯರಲ್ಲಿ ಸದ್ಯ ಮುಂದಿರುವುದು ಸ್ಟ್ಯಾನ್‌ಫೋರ್ಡಿನ ಡೇನಿಯಲ್ ಪಲಂಕರ್ ರೂಪಿಸಿದ ‘ಪ್ರೀಮಾ’. 2 ಮಿಲಿಮೀಟರ್ ಚೌಕದ ತಂತಿಯಿಲ್ಲದ ಚಿಪ್‌ನಲ್ಲಿ 378 ಬಿಂದುಗಳು. ಯುರೋಪಿನ 38 ಜನರಿಗೆ ಅದನ್ನು ಹಾಕಲಾಯಿತು. ವರ್ಷದ ಕೊನೆಗೆ ಪರೀಕ್ಷಿಸಿದ 32 ಮಂದಿಯಲ್ಲಿ 26 ಮಂದಿಯ ನೋಟ ಗಮನಾರ್ಹವಾಗಿ ಸುಧಾರಿಸಿತ್ತು ಎಂಬ ವರದಿ 2025ರ ಅಕ್ಟೋಬರಿನಲ್ಲಿ ಬಂತು. ಅಷ್ಟರಲ್ಲಿ ಇದರ ಒಡೆಯ ಪಿಕ್ಸಿಯಂ ಕಂಪನಿಯೂ ದಿವಾಳಿಯಾಗಿ, 2024ರಲ್ಲಿ ತಂತ್ರಜ್ಞಾನ ಅಮೆರಿಕದ ಸೈನ್ಸ್ ಕಾರ್ಪೊರೇಷನ್ನಿನ ಕೈಸೇರಿತ್ತು. ಆ 38 ಜನರೂ ವಯಸ್ಸಾದಂತೆ ಅಕ್ಷಿಪಟದ ನಡುಭಾಗ ಸವೆದವರು, ಸರಾಸರಿ ವಯಸ್ಸು ಎಂಬತ್ತರ ಹತ್ತಿರ. ಹರೆಯದಲ್ಲೇ ಇರುಳುಗಣ್ಣಿಗೆ ಸಿಕ್ಕವರು ಆ ಪಟ್ಟಿಯಲ್ಲಿರಲಿಲ್ಲ.