ಯಾದಗಿರಿ ಟಿಕೆಟ್ ಕೌಂಟರಿನ ಹಿಂದೆ

ಗದಗ–ವಾಡಿ ಮಾರ್ಗ ಪೂರ್ತಿಯಾಗುವವರೆಗೆ ಶಹಾಪುರ, ಸುರಪುರದವರಿಗೆ ರೈಲೆಂದರೆ ಯಾದಗಿರಿಯೇ. ಬೆಂಗಳೂರಿನಲ್ಲಿ ಓದುವ ಮಕ್ಕಳು, ಮುಂಬೈ–ಪುಣೆಯ ಕಟ್ಟಡ ಕೆಲಸಕ್ಕೆ ಗುಳೆ ಹೊರಟ ಸಂಸಾರಗಳು, ಹಬ್ಬಕ್ಕೆ ಬಂದು ವಾಪಸು ಹೋಗುವವರು, ಹೀಗೆ ಸಗರನಾಡಿನ ಅರ್ಧ ಬದುಕು ಆ ಸ್ಟೇಷನ್ನಿನ ಮೂಲಕ ಹಾದುಹೋಗುತ್ತದೆ. ಉದ್ಯಾನ ಎಕ್ಸ್‌ಪ್ರೆಸ್ಸಿನಲ್ಲಿ ಒಂದು ಬರ್ತ್ ಬೇಕೆಂದರೆ ಚೀಟಿ ತುಂಬಿ ರಿಸರ್ವೇಷನ್ ಕಿಟಕಿಯಲ್ಲಿ ಕೊಡಬೇಕು. ಗುಮಾಸ್ತರು ಗಾಡಿ ನಂಬರು, ದಿನಾಂಕ, ದರ್ಜೆ, ಹೆಸರು, ವಯಸ್ಸು ಒತ್ತುತ್ತಾರೆ. ಕೆಲವೇ ಕ್ಷಣಗಳಲ್ಲಿ ಹತ್ತಂಕಿಯ ಪಿಎನ್‌ಆರ್ ಹೊತ್ತ ಟಿಕೆಟ್ಟು ಹೊರಗೆ ಬರುತ್ತದೆ.

ಆ ಕ್ಷಣಗಳಲ್ಲಿ ಕೆಲಸ ಮಾಡುವುದು ದೂರದಲ್ಲಿರುವ ಒಂದು ಹಳೆಯ ವ್ಯವಸ್ಥೆ. ದೆಹಲಿ, ಮುಂಬೈ, ಕೋಲ್ಕತ್ತ, ಚೆನ್ನೈ, ಸಿಕಂದರಾಬಾದ್ ಎಂಬ ಐದು ಕೇಂದ್ರಗಳಲ್ಲಿ ದೇಶದ ರೈಲು ಮೀಸಲಾತಿಯ ದಾಖಲೆಗಳಿವೆ. ಅವನ್ನು ಒಂದಕ್ಕೊಂದು ಬೆಸೆದ ತಂತ್ರಾಂಶದ ಹೆಸರು ಕನ್ಸರ್ಟ್. ರೈಲ್ವೆಯ ಮಾಹಿತಿ ತಂತ್ರಜ್ಞಾನ ಸಂಸ್ಥೆ ಕ್ರಿಸ್ ಸಿದ್ಧಪಡಿಸಿದ ಇದು 1994ರಲ್ಲಿ ಮೊದಲು ಜಾರಿಗೆ ಬಂದದ್ದು ನಮ್ಮ ನೆರೆಯ ಸಿಕಂದರಾಬಾದಿನಲ್ಲಿ. 1999ರ ಹೊತ್ತಿಗೆ ಐದೂ ಕೇಂದ್ರಗಳು ಕೂಡಿಕೊಂಡವು. ಯಾವ ಊರಿನ ಕೌಂಟರಿನಿಂದಲಾದರೂ ಯಾವ ಊರಿಗಾದರೂ ಟಿಕೆಟ್ ಎಂಬುದು ಆಗ ನಿಜವಾಯಿತು. ಸಿ ಮತ್ತು ಫೋರ್ಟ್ರಾನ್ ಭಾಷೆಗಳಲ್ಲಿ ಬರೆದ ಈ ತಂತ್ರಾಂಶಕ್ಕೆ ನೆಲೆ ಓಪನ್‌ವಿಎಂಎಸ್ ಎಂಬ ಆಪರೇಟಿಂಗ್ ಸಿಸ್ಟಂ. ಡಿಜಿಟಲ್ ಇಕ್ವಿಪ್‌ಮೆಂಟ್ ಕಂಪನಿ ತನ್ನ ವ್ಯಾಕ್ಸ್ ಯಂತ್ರಕ್ಕಾಗಿ 1977ರಲ್ಲಿ ಪ್ರಕಟಿಸಿದ ವಿಎಂಎಸ್ಸಿನ ಮುಂದುವರಿಕೆ ಅದು.

ಡಿಜಿಟಲ್ ಕಂಪನಿ ಈಗಿಲ್ಲ. 1998ರಲ್ಲಿ ಅದನ್ನು ಕಾಂಪ್ಯಾಕ್ ಕೊಂಡಿತು, 2002ರಲ್ಲಿ ಕಾಂಪ್ಯಾಕನ್ನು ಎಚ್‌ಪಿ ಕೊಂಡಿತು. ಯಂತ್ರದ ಚಿಪ್ ವ್ಯಾಕ್ಸ್‌ನಿಂದ ಆಲ್ಫಾಕ್ಕೆ, ಆಲ್ಫಾದಿಂದ ಇಟೇನಿಯಂಗೆ ಬದಲಾಯಿತು. ಇಂಟೆಲ್ 2021ರಲ್ಲಿ ಇಟೇನಿಯಂ ಪೂರೈಕೆಯನ್ನೇ ನಿಲ್ಲಿಸಿತು. ಆದರೂ ಓಪನ್‌ವಿಎಂಎಸ್ ಉಳಿಯಿತು. 2014ರಲ್ಲಿ ಎಚ್‌ಪಿ ಅದರ ಹೊಣೆಯನ್ನು ವಿಎಂಎಸ್ ಸಾಫ್ಟ್‌ವೇರ್ ಎಂಬ ಪುಟ್ಟ ಕಂಪನಿಗೆ ವಹಿಸಿತು. ಅಲ್ಲಿಗೆ ಸೇರಿದವರಲ್ಲಿ ಡಿಜಿಟಲ್‌ನ ಕಾಲದಲ್ಲೇ ಅದರ ಮೇಲೆ ದುಡಿದವರೂ ಇದ್ದರು. 2022ರಲ್ಲಿ ಅವರು ಅದನ್ನು ಇಂದಿನ ಸಾಮಾನ್ಯ ಸರ್ವರುಗಳಲ್ಲಿ ಓಡುವಂತೆ ಮಾಡಿದರು. ಡೇಟಾಬೇಸಿನ ಕಥೆಯೂ ಹೀಗೆಯೇ. ಡಿಜಿಟಲ್‌ನ ಆರ್‌ಡಿಬಿಯನ್ನು 1994ರಲ್ಲಿ ಕೊಂಡ ಒರಾಕಲ್, ತನ್ನದೇ ಡೇಟಾಬೇಸ್ ಜಗತ್ತಿಗೆಲ್ಲ ಮಾರಾಟವಾಗುತ್ತಿದ್ದರೂ ಆರ್‌ಡಿಬಿಯನ್ನು ಕೈಬಿಡದೆ ಹೊಸ ಆವೃತ್ತಿಗಳನ್ನು ಹೊರಡಿಸುತ್ತ ಬಂದಿದೆ.

ಒಂದೇ ಕಂಪನಿ ಎರಡು, ಮೂರು, ನಾಲ್ಕು ಹಳೆಯ ವ್ಯವಸ್ಥೆಗಳನ್ನು ಏಕೆ ಸಾಕುತ್ತದೆ? ಒಂದನ್ನಿಟ್ಟುಕೊಂಡು ಉಳಿದದ್ದನ್ನು ಮುಚ್ಚಿದರೆ ಖರ್ಚು ಉಳಿಯುವುದಿಲ್ಲವೇ?

ಯುನಿಸಿಸ್ ಕಂಪನಿಯನ್ನು ನೋಡಿದರೆ ಇದಕ್ಕೆ ಉತ್ತರ ಸ್ಪಷ್ಟವಾಗುತ್ತದೆ. ಬರೋಸ್ ಮತ್ತು ಸ್ಪೆರಿ ಎಂಬ ಎರಡು ಮೇನ್‌ಫ್ರೇಮ್ ಕಂಪನಿಗಳು 1986ರಲ್ಲಿ ಕೂಡಿ ಯುನಿಸಿಸ್ ಆದವು. ಬರೋಸ್ ಕಡೆಯಿಂದ ಎಂಸಿಪಿ, ಸ್ಪೆರಿ ಕಡೆಯಿಂದ ಓಎಸ್ 2200 ಬಂದವು. ಒಂದೊಂದಕ್ಕೂ ಅದರದೇ ಡೇಟಾಬೇಸುಗಳು. ಇವತ್ತಿಗೂ ಎರಡೂ ಜೀವಂತವಾಗಿವೆ. ಎರಡೂ ಈಗ ಇಂಟೆಲ್ ಚಿಪ್ಪಿನ ಮೇಲೆಯೇ ಓಡುತ್ತವೆ, ಆದರೂ ಒಂದಾಗಿಲ್ಲ. ಕಾರಣ ತಳದಲ್ಲೇ ಇದೆ. ಓಎಸ್ 2200 ಲೋಕದಲ್ಲಿ ಒಂದು ಪದಕ್ಕೆ (ಯಂತ್ರ ಒಂದೇ ಸಲಕ್ಕೆ ಎತ್ತಿಕೊಳ್ಳುವ ಬಿಟ್ಟುಗಳ ಗುಂಪಿಗೆ) 36 ಬಿಟ್, ಎಂಸಿಪಿಯಲ್ಲಿ 48 ಬಿಟ್. ಮೊದಲನೆಯದರಲ್ಲಿ ಒಂದು ಪದದೊಳಗೆ ಒಂಬತ್ತು ಬಿಟ್ಟಿನ ನಾಲ್ಕು ಅಕ್ಷರ, ಎರಡನೆಯದರಲ್ಲಿ ಎಂಟು ಬಿಟ್ಟಿನ ಆರು ಅಕ್ಷರ ಕೂರುತ್ತವೆ. ಋಣಸಂಖ್ಯೆ ಬರೆಯುವ ರೀತಿಯೂ ಬೇರೆ. ಓಎಸ್ 2200ರಲ್ಲಿ ಸಂಖ್ಯೆಯ ಎಲ್ಲ ಬಿಟ್ಟುಗಳನ್ನು ತಿರುವಿಹಾಕಿದರೆ ಅದು ಋಣವಾಗುತ್ತದೆ. ಹಾಗಾಗಿ ಅಲ್ಲಿ ಸೊನ್ನೆಗೇ ಎರಡು ರೂಪ: ಎಲ್ಲ ಬಿಟ್ಟೂ 0 ಇರುವುದೊಂದು, ಎಲ್ಲ ಬಿಟ್ಟೂ 1 ಇರುವುದೊಂದು. ಎಂದೋ ಬರೆದ ಲೆಕ್ಕದ ಪ್ರೋಗ್ರಾಂ ಈ ಎರಡು ಸೊನ್ನೆಗಳನ್ನು ನಂಬಿಕೊಂಡು ನಡೆಯುತ್ತಿದ್ದರೆ, ಬೇರೆ ಯಂತ್ರಕ್ಕೆ ಒಯ್ದಾಗ ಎಲ್ಲೋ ಒಂದು ಹೋಲಿಕೆ ತಪ್ಪುತ್ತದೆ. ಅದು ತಪ್ಪಿತೆಂದು ಗೊತ್ತಾಗುವುದಕ್ಕೇ ತಿಂಗಳುಗಳು ಬೇಕಾಗಬಹುದು.

ಡೇಟಾಬೇಸಿನಲ್ಲಿ ತೊಡಕು ಇನ್ನೂ ಹೆಚ್ಚು. ಈಗಿನವುಗಳಲ್ಲಿ ಇಂಥ ಮಾಹಿತಿ ಬೇಕೆಂದು ಕೇಳಿದರೆ ಸಾಕು, ಹುಡುಕುವ ದಾರಿಯನ್ನು ಅವೇ ಕಂಡುಕೊಳ್ಳುತ್ತವೆ. ಆ ಕಾಲದ ಹಲವು ಡೇಟಾಬೇಸುಗಳಲ್ಲಿ ದಾರಿಯನ್ನು ಪ್ರೋಗ್ರಾಂ ಬರೆದವರೇ ಬರೆದಿಡಬೇಕಿತ್ತು: ಈ ಖಾತೆಯಿಂದ ಆ ದಾಖಲೆಗೆ, ಅಲ್ಲಿಂದ ಮುಂದಿನದಕ್ಕೆ. ಬ್ಯಾಂಕಿನ, ವಿಮಾನಯಾನ ಸಂಸ್ಥೆಯ, ಸರಕಾರಿ ಇಲಾಖೆಯ ವ್ಯವಹಾರ ಜ್ಞಾನವೆಲ್ಲ ಆ ದಾರಿಗಳಲ್ಲೇ ಹುದುಗಿದೆ. ಬರೆದವರು ನಿವೃತ್ತರಾಗಿದ್ದಾರೆ. ನಿಯಮ ಏಕೆ ಹಾಗಿದೆ ಎಂಬುದು ಕೋಡಿನಲ್ಲಿ ಮಾತ್ರ ಉಳಿದಿದೆ.

ನಮ್ಮ ಭಾಗದವರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ. ನಿಜಾಮರ ಕಾಲದ ಜಮೀನಿನ ಕಾಗದಪತ್ರಗಳು ಉರ್ದುವಿನಲ್ಲಿವೆ. ಆಡಳಿತ ಬದಲಾಗಿ ಎಷ್ಟು ದಶಕವಾದರೂ ಹಕ್ಕಿನ ತಕರಾರು ಬಂದಾಗ ಆ ಕಾಗದವೇ ಬೇಕು, ಅದನ್ನು ಓದಬಲ್ಲವರೂ ಬೇಕು.

ಇನ್ನು ದುಡ್ಡಿನ ಮಾತು. ಹಳೆಯ ವ್ಯವಸ್ಥೆಯನ್ನು ಕಟ್ಟಿದ ಖರ್ಚು ಎಂದೋ ತೀರಿಹೋಗಿದೆ. ಗ್ರಾಹಕರು ವರ್ಷವರ್ಷವೂ ಪರವಾನಗಿ ಮತ್ತು ನಿರ್ವಹಣೆಯ ಶುಲ್ಕ ಕಟ್ಟುತ್ತಾರೆ, ಸಣ್ಣ ತಂಡವೊಂದು ಅದನ್ನು ನಡೆಸಿಕೊಂಡು ಹೋಗುತ್ತದೆ. ಬಲವಂತವಾಗಿ ಮುಚ್ಚಿದರೆ ಗ್ರಾಹಕರು ಅದೇ ಕಂಪನಿಯ ಇನ್ನೊಂದು ವ್ಯವಸ್ಥೆಗೆ ಬರುತ್ತಾರೆಂಬ ಖಾತರಿಯಿಲ್ಲ. ಹೇಗೂ ಎಲ್ಲವನ್ನೂ ಹೊಸದಾಗಿ ಬರೆಯಬೇಕೆಂದಮೇಲೆ ಪ್ರತಿಸ್ಪರ್ಧಿಯ ಬಾಗಿಲನ್ನೂ ತಟ್ಟುತ್ತಾರೆ. ಐಬಿಎಂ ಒಂದೇ ಮೇನ್‌ಫ್ರೇಮಿಗೆ ಹಲವು ಆಪರೇಟಿಂಗ್ ಸಿಸ್ಟಂ ಇಟ್ಟುಕೊಂಡದ್ದರ ಹಿಂದೆಯೂ ಇದೇ ಲೆಕ್ಕವಿದೆ. ಅಪೊಲೊ ಚಂದ್ರಯಾನದ ಬಿಡಿಭಾಗಗಳ ಪಟ್ಟಿಗೆಂದು 1960ರ ದಶಕದಲ್ಲಿ ಹುಟ್ಟಿದ ಅದರ ಐಎಂಎಸ್ ಡೇಟಾಬೇಸು ಈಗಲೂ ಬ್ಯಾಂಕುಗಳಲ್ಲಿ ದುಡಿಯುತ್ತಿದೆ. ಕೈಗೆ ಸಿಕ್ಕ ಗ್ರಾಹಕರಿಂದ ಕಂಪನಿಗಳು ಚೆನ್ನಾಗಿಯೇ ವಸೂಲು ಮಾಡುತ್ತವೆ ಎಂಬ ದೂರು ಸುಳ್ಳಲ್ಲ. ಆದರೆ ಅವಸರದಿಂದ ಬದಲಿಸಿದರೆ ಏನಾಗುತ್ತದೆಂದು ಬ್ರಿಟನ್ನಿನ ಟಿಎಸ್‌ಬಿ ಬ್ಯಾಂಕ್ ತೋರಿಸಿದೆ. 2018ರ ಏಪ್ರಿಲ್‌ನಲ್ಲಿ ಅದು ಗ್ರಾಹಕರ ಖಾತೆಗಳನ್ನು ಹೊಸ ವ್ಯವಸ್ಥೆಗೆ ಸಾಗಿಸಿದಾಗ ಲಕ್ಷಾಂತರ ಮಂದಿಗೆ ತಮ್ಮ ಹಣವೇ ಕೈಗೆ ಸಿಗದಂತಾಯಿತು. 2022ರಲ್ಲಿ ನಿಯಂತ್ರಕರು ಬ್ಯಾಂಕಿಗೆ 4.8 ಕೋಟಿ ಪೌಂಡಿಗೂ ಹೆಚ್ಚು ದಂಡ ಹಾಕಿದರು.

ನಿರ್ವಹಣೆಯನ್ನು ಕೀಳು ಕೆಲಸವೆಂದು ನೋಡುವ ರೂಢಿ ನಮ್ಮಲ್ಲಿದೆ, ಅದು ನನಗೆ ಒಪ್ಪಿಗೆಯಿಲ್ಲ. ನಮ್ಮ ದೇಶದ ಕಂಪ್ಯೂಟರ್ ವಿದ್ಯೆಯ ಒಂದು ಬೇರು ನಿರ್ವಹಣೆಯಲ್ಲೇ ಇದೆ. ಮಂಗಳೂರಿನಲ್ಲಿ ಹುಟ್ಟಿದ ಜಾರ್ಜ್ ಫರ್ನಾಂಡಿಸ್ ಕೈಗಾರಿಕಾ ಸಚಿವರಾಗಿದ್ದಾಗ, ವಿದೇಶಿ ಪಾಲನ್ನು ಶೇ 40ಕ್ಕೆ ಇಳಿಸಲೊಪ್ಪದ ಐಬಿಎಂ 1978ರಲ್ಲಿ ಭಾರತ ಬಿಟ್ಟಿತು. ಅದು ಬಿಟ್ಟುಹೋದ ಯಂತ್ರಗಳನ್ನು ನೋಡಿಕೊಂಡದ್ದು ಸರಕಾರಿ ಸಂಸ್ಥೆ ಸಿಎಂಸಿ. ಮುಂದೆ ಬೇರೆ ಬೇರೆ ಕಂಪನಿಗಳ ಯಂತ್ರಗಳ ರಿಪೇರಿಯೂ ಅದರ ಕೈಗೆ ಬಂತು. ಯಂತ್ರ ಬಿಚ್ಚಿ, ಜೋಡಿಸಿ ಪಳಗಿದ ಅದೇ ಸಂಸ್ಥೆ 1980ರ ದಶಕದ ನಡುವೆ ದೆಹಲಿಯಲ್ಲಿ ರೈಲ್ವೆಗೆ ಮೊದಲ ಗಣಕೀಕೃತ ಮೀಸಲಾತಿ ವ್ಯವಸ್ಥೆ ಇಂಪ್ರೆಸ್ ಅನ್ನು ಕಟ್ಟಿಕೊಟ್ಟಿತು. ಕನ್ಸರ್ಟ್ ಬಂದದ್ದು ಅದರ ನಂತರ.

ಸಾಕುವುದಕ್ಕೂ ಒಂದು ಕೊನೆಯಿದೆ. ಹಲವು ಹಳೆಯ ವ್ಯವಸ್ಥೆಗಳನ್ನು ಪೋಷಿಸುತ್ತ ಬಂದ ಜಪಾನಿನ ಫುಜಿತ್ಸು, 2030ಕ್ಕೆ ಮೇನ್‌ಫ್ರೇಮ್ ಮಾರಾಟವನ್ನೂ 2035ಕ್ಕೆ ಸೇವೆಯನ್ನೂ ನಿಲ್ಲಿಸುವುದಾಗಿ 2022ರಲ್ಲೇ ಹೇಳಿದೆ. ಗ್ರಾಹಕರಿಗೆ ಹದಿಮೂರು ವರ್ಷದ ಮುನ್ಸೂಚನೆ ಕೊಟ್ಟದ್ದು ಮೆಚ್ಚಬೇಕಾದ ನಡೆ.

ನಮ್ಮ ರೈಲ್ವೆಯೂ ಅಣಿಯಾಗುತ್ತಿದೆ. ಈಗಿನ ಮೀಸಲಾತಿ ವ್ಯವಸ್ಥೆ ಇಟೇನಿಯಂ ಸರ್ವರು ಮತ್ತು ಓಪನ್‌ವಿಎಂಎಸ್ ಮೇಲೆ ನಡೆಯುತ್ತಿದೆ, ಅದನ್ನು ಹೊಸ ತಂತ್ರಜ್ಞಾನಕ್ಕೆ ಬದಲಿಸಲಾಗುತ್ತಿದೆ ಎಂದು 2025ರಲ್ಲಿ ಸರಕಾರ ಸಂಸತ್ತಿಗೆ ತಿಳಿಸಿತು. ಮುಂಗಡ ಬುಕಿಂಗಿನ ಅವಧಿ ಈಗ 60 ದಿನ. ಅಂದರೆ ಬದಲಾವಣೆಗೆ ಯಾವ ರಾತ್ರಿಯನ್ನೇ ಗೊತ್ತುಮಾಡಲಿ, ಮುಂದಿನ ಎರಡು ತಿಂಗಳಿಗೆ ಆಗಲೇ ಮಾರಿಯಾದ ಟಿಕೆಟ್ಟುಗಳು ಹಳೆಯದರಲ್ಲಿ ಇದ್ದೇ ಇರುತ್ತವೆ. ಅವುಗಳಲ್ಲಿ ಖಾತ್ರಿಯಾದವೂ ಇವೆ, ಆರ್‌ಎಸಿಯವೂ ಇವೆ, ವೇಟಿಂಗ್ ಲಿಸ್ಟಿನವೂ ಇವೆ. ಸುರಪುರದಿಂದ ಬಸ್ಸಿನಲ್ಲಿ ಬಂದು ಯಾದಗಿರಿಯಲ್ಲಿ ಟಿಕೆಟ್ ತೆಗೆಸಿದವರ ವೇಟಿಂಗ್ ಲಿಸ್ಟ್ ನಂಬರನ್ನು ಹೊಸ ಯಂತ್ರ ಅದೇ ಸರದಿಯಲ್ಲಿ, ಒಂದಂಕಿಯೂ ಹೆಚ್ಚುಕಮ್ಮಿಯಾಗದಂತೆ ಓದಿ ಚಾರ್ಟ್ ತಯಾರಿಸಬೇಕು.