ಬಿಸಿಲಿನ ದಿನವೇ ಕಡಲಿನ ಗಂಡಾಂತರ

ಯಾವ ಕಡಲತೀರದಲ್ಲಿ ಜನ ಹೆಚ್ಚು ಮುಳುಗುತ್ತಾರೆ ಎಂದು ಕೇಳಿದರೆ, ದೊಡ್ಡ ಅಲೆ ಏಳುವ ಕಡೆ ಎಂದು ಯಾರಾದರೂ ಹೇಳಿಯಾರು. ಆಸ್ಟ್ರೇಲಿಯಾದಲ್ಲಿ ಆಂಡ್ರ್ಯೂ ಶಾರ್ಟ್ ಎಂಬ ವಿಜ್ಞಾನಿಯ ಮುಂದಾಳುತನದಲ್ಲಿ ದೇಶದ ಹತ್ತು ಸಾವಿರಕ್ಕೂ ಹೆಚ್ಚು ಬೀಚುಗಳನ್ನು ಪರಿಶೀಲಿಸಿ, ಅಲೆ ಮತ್ತು ಮರಳಿನ ಸ್ವರೂಪ ನೋಡಿ 1ರಿಂದ 10ರವರೆಗೆ ಅಪಾಯದ ಅಂಕ ಕೊಟ್ಟರು. ದೊಡ್ಡ ಕೆಲಸವೇ ಸರಿ. ಆದರೆ ಆ ಅಂಕ ಹೇಳುವುದು ಕಡಲಿನ ಸ್ವಭಾವವನ್ನು, ಸಾವಿನ ಸಂಭವವನ್ನಲ್ಲ. ಊರಿನಿಂದ ದೂರದ ಒಂಬತ್ತು ಅಂಕದ ಬೀಚಿನಲ್ಲಿ ನೀರಿಗಿಳಿಯುವವರೇ ಇಲ್ಲದಿದ್ದರೆ ಮುಳುಗುವವರು ಎಲ್ಲಿಂದ ಬರಬೇಕು? ಅಲೆಯನ್ನು ಅಳೆದಷ್ಟೇ ಶ್ರದ್ಧೆಯಿಂದ ಜನರನ್ನೂ ಎಣಿಸದಿದ್ದರೆ ಮುನ್ಸೂಚನೆ ಅರ್ಧವೇ.

ಸಾವಿನ ಮುಖ್ಯ ಕಾರಣ ರಿಪ್ ಕರೆಂಟ್, ಅಂದರೆ ಕಡಲಿನ ಕಡೆಗೆ ಓಡುವ ಸೆಳವು. ಅಲೆಗಳು ಮರಳುದಿಬ್ಬಗಳ ಮೇಲೆ ಒಡೆದು ದಡದತ್ತ ತಂದು ಒಟ್ಟಿದ ನೀರು, ದಿಬ್ಬಗಳ ನಡುವಿನ ಆಳದ ಸಂದಿಯಲ್ಲಿ ವಾಪಸು ಹರಿಯುತ್ತದೆ. ನಮ್ಮ ಪತ್ರಿಕೆಗಳು ಇದನ್ನು ‘ಸುಳಿ’ ಎಂದು ಬರೆಯುವುದುಂಟು; ಇದು ಕೆಳಕ್ಕೆ ಎಳೆಯುವುದಿಲ್ಲ, ಆಚೆಗೆ ಒಯ್ಯುತ್ತದೆ. ಎದುರು ಈಜಿ ಸುಸ್ತಾದವರು ಮುಳುಗುತ್ತಾರೆ. ಆಸ್ಟ್ರೇಲಿಯಾದಲ್ಲಿ ಶಾರ್ಕ್‌ಗೆ ಬಲಿಯಾಗುವವರು ವರ್ಷಕ್ಕೆ ಸರಾಸರಿ ಒಬ್ಬರಾದರೆ, ರಿಪ್‌ಗೆ ಬಲಿಯಾಗುವವರು ಕನಿಷ್ಠ 21 ಎಂದು 2013ರ ಅಧ್ಯಯನವೊಂದು ಲೆಕ್ಕ ಹಾಕಿತು. ಮೋಸವಿರುವುದು ನೋಟದಲ್ಲಿ: ಸಂದಿ ಆಳವಾದ್ದರಿಂದ ಅಲ್ಲಿ ಅಲೆ ಅಷ್ಟಾಗಿ ಒಡೆಯುವುದಿಲ್ಲ, ಬಿಳಿ ನೊರೆಗಳ ನಡುವೆ ಶಾಂತವಾಗಿ ಕಾಣುವ ಆ ಜಾಗವನ್ನೇ ಹೊಸಬರು ಆರಿಸಿಕೊಳ್ಳುತ್ತಾರೆ. ಇಂಗ್ಲೆಂಡಿನ ನೈಋತ್ಯ ತೀರದ ರಕ್ಷಣಾ ದಾಖಲೆಗಳನ್ನು ನೋಡಿದ ಸಂಶೋಧಕರಿಗೂ ಇದೇ ಕಂಡಿತು: ಒಮ್ಮೆಗೇ ಹಲವರನ್ನು ಎಳೆದು ತರಬೇಕಾಗುವುದು ಬಿರುಗಾಳಿಯ ದಿನವಲ್ಲ, ಬೆಚ್ಚನೆ ಬಿಸಿಲು, ಸಾಧಾರಣ ಅಲೆ, ನೀರಿಳಿತ, ತುಂಬಿದ ತೀರ ಇವೆಲ್ಲ ಕೂಡಿದ ದಿನ.

ಅಮೆರಿಕದ ಹವಾಮಾನ ಸಂಸ್ಥೆ 2021ರಿಂದ ರಿಪ್ ಏಳುವ ಸಂಭವವನ್ನು ಆರು ದಿನ ಮುಂಚಿತವಾಗಿ, ಗಂಟೆಗಂಟೆಯ ಲೆಕ್ಕದಲ್ಲಿ ಕೊಡುತ್ತಿದೆ. ಮರಳುದಿಬ್ಬ ದಿನದಿನಕ್ಕೂ ಜಾಗ ಬದಲಿಸುವಾಗ ಇದರಿಂದ ಏನು ಪ್ರಯೋಜನ ಎಂದು ಕೇಳಬಹುದು. ಯಾವ ಸಂದಿಯಲ್ಲಿ ಸೆಳವು ಎಂದು ಅದು ಹೇಳಲಾರದು, ನಿಜ. ಅದನ್ನು ದಡದಲ್ಲಿ ನಿಂತ ಜೀವರಕ್ಷಕನೇ ನೋಡಿ ಬಾವುಟ ನೆಡಬೇಕು. ಭಾನುವಾರ ಎಷ್ಟು ಮಂದಿ ಜೀವರಕ್ಷಕರು ಬೇಕು ಎಂಬುದನ್ನು ಮಾತ್ರ ಗುರುವಾರವೇ ತೀರ್ಮಾನಿಸಬಹುದು. ‘ಅಪಾಯ ಕಡಿಮೆ’ ಎಂಬ ಫಲಕ ಜನರಿಗೆ ಹುಂಬ ಧೈರ್ಯ ತುಂಬುತ್ತದೆ ಎಂಬ ಆಕ್ಷೇಪ ಇದಕ್ಕಿಂತ ತೂಕದ್ದು. ನಾನಂತೂ ಅದನ್ನು ಒಪ್ಪುತ್ತೇನೆ: ಅಂಕಿ ತೀರದ ನಿರ್ವಾಹಕರ ಕೈಯಲ್ಲಿರಲಿ, ಜನರಿಗೆ ಬಾವುಟ ಸಾಕು. ಇನ್ನೊಂದು ತೊಡಕೂ ಇದೆ. ಸಾವುಗಳು ವಿರಳವಾದ್ದರಿಂದ ಲೆಕ್ಕಕ್ಕೆ ರಕ್ಷಣೆಗಳ ದಾಖಲೆಯನ್ನು ನೆಚ್ಚಬೇಕಾಗುತ್ತದೆ. ಜೀವರಕ್ಷಕರೇ ಇಲ್ಲದ ತೀರದಲ್ಲಿ ದಾಖಲೆಯೂ ಇಲ್ಲ, ಕಾಗದದ ಮೇಲೆ ಅದೇ ಸುರಕ್ಷಿತ! ಅಂಥ ಕಡೆ ತೀರಕ್ಕೆ ಬರುವವರನ್ನು, ನಿಂತ ಬಸ್ಸುಗಳನ್ನು ಎಣಿಸುವುದೇ ಮೊದಲ ಹೆಜ್ಜೆ.

ನಮ್ಮ ಕರಾವಳಿಗೂ ಈ ಮಾತು ಸಲ್ಲುತ್ತದೆ. ಮಳೆಗಾಲದಲ್ಲಿ ಮಲ್ಪೆಯ ತೀರಕ್ಕೆ ಬಲೆ ಕಟ್ಟಿ ಜನರನ್ನು ತಡೆಯುತ್ತಾರೆ. ಕಡಲು ಅಬ್ಬರಿಸುವುದು ಎಲ್ಲರಿಗೂ ಕಾಣುತ್ತದೆ. ಆದರೆ ಮುರುಡೇಶ್ವರದಲ್ಲಿ ಶಾಲಾ ಪ್ರವಾಸಕ್ಕೆ ಬಂದ ನಾಲ್ವರು ಬಾಲಕಿಯರು ಕಡಲುಪಾಲಾದದ್ದು 2024ರ ಡಿಸೆಂಬರ್ 10ರಂದು, ಮಳೆಗಾಲ ಕಳೆದು ಪ್ರವಾಸದ ಬಸ್ಸುಗಳು ಸಾಲುಗಟ್ಟುವ ತಿಂಗಳಲ್ಲಿ.